ಶಿವಪ್ಪನಾಯಕನ ಅರ್ಥ ಹೇಳುವವರಿಗೆ ಪುಸ್ತಕ ಕೊಡುವವರು ಯಾರು?



ಆಟದ ಮರುದಿನ ನಮ್ಮೂರಲ್ಲಿ ಎಲ್ಲರೂ ವಿಮರ್ಶಕರೇ. ಚಾ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿಯೂ ಅದೇ ಮಾತು. ಪುರಾಣದ ಆಟವಾದರೆ ಕುಣಿತ ಹೇಗಿತ್ತು, ಪದ ಹೇಗಿತ್ತು ಎನ್ನುತ್ತಾರೆ. ಅಪರೂಪಕ್ಕೆ ಚರಿತ್ರೆಯ ಕತೆ ಆಡಿದರೆ ಮಾತ್ರ ಒಂದೇ ದೂರು: "ಎಂತ ಮರಾಯ, ರಾಜ ಬಂದ್ರೂ ಅರ್ಜುನ ಬಂದಾಂಗೇ ಇತ್ತಲೆ!" ಈ ದೂರಿನಲ್ಲಿ ಸತ್ಯವಿದೆ. ಆದರೆ ತಪ್ಪೆಲ್ಲ ವೇಷಧಾರಿಯದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನ ಅಪ್ಪಯ್ಯ ಬಯಲಾಟದ ಮೇಳವೊಂದರಲ್ಲಿ ವೇಷಧಾರಿ. ಮನೆಯಲ್ಲಿ ಕಂಡದ್ದನ್ನೇ ಬರೆಯುತ್ತಿದ್ದೇನೆ.

ನಾವು ವಾರ್ಷಿಕೋತ್ಸವಕ್ಕೆ ಕಿತ್ತೂರು ಚೆನ್ನಮ್ಮನ ನಾಟಕ ಆಡುವಾಗ ಮಾತು ಬರೆದು ಕೊಟ್ಟಿರುತ್ತಾರೆ. ಬಾಯಿಪಾಠ ಮಾಡುತ್ತೇವೆ. ಮರೆತರೆ ಪರದೆಯ ಹಿಂದಿನಿಂದ ಯಾರಾದರೂ ಹೇಳಿಕೊಡುತ್ತಾರೆ. ಯಕ್ಷಗಾನದಲ್ಲಿ ಹಾಗಿಲ್ಲ. ಬರೆದಿರುವುದು ಭಾಗವತರು ಹಾಡುವ ಪದ ಮಾತ್ರ. ಅರ್ಥವನ್ನು ವೇಷಧಾರಿಯೇ ರಂಗಸ್ಥಳದಲ್ಲಿ ನಿಂತು ಹೇಳಬೇಕು. ಎದುರು ವೇಷದವರು ಏನು ಕೇಳುತ್ತಾರೋ, ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ಕೃಷ್ಣ, ಕರ್ಣ, ಕೌರವನ ಅರ್ಥವಾದರೆ ಚಿಕ್ಕಂದಿನಿಂದ ಕೇಳಿ ಬೆಳೆದದ್ದು. ಹಿರಿಯ ಕಲಾವಿದರ ಮಾತು ಕಿವಿಯಲ್ಲಿ ಇರುತ್ತದೆ. ಚರಿತ್ರೆಯ ರಾಜನಾದರೆ ಓದಿಯೇ ತಿಳಿಯಬೇಕು.

ಓದುವುದು ಯಾವಾಗ? ತಿರುಗಾಟ ಶುರುವಾಗುವುದು ನವೆಂಬರ್ ಹೊತ್ತಿಗೆ, ಮುಗಿಯುವುದು ಮೇ ತಿಂಗಳ ಕೊನೆಗೆ. ಅಷ್ಟು ದಿನವೂ ದಿನಕ್ಕೊಂದು ಊರು. ಸಂಜೆ ಚೌಕಿ ಸೇರಿ, ಬಣ್ಣ ಬರೆದು, ಗೆಜ್ಜೆ ಕಟ್ಟಿದರೆ ಹಲವು ಕಡೆ ಬೆಳಗಿನ ಜಾವದವರೆಗೂ ಆಟ. ಈಗ ಕಾಲಮಿತಿಯ ಆಟಗಳೂ ಇವೆ, ನಿಜ. ಆದರೂ ಹಗಲು ಅರ್ಧ ನಿದ್ದೆಯಲ್ಲಿ, ಉಳಿದರ್ಧ ಪ್ರಯಾಣದಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಬಿಡುವು ಎನ್ನುತ್ತೀರಾ? ಮಳೆಗಾಲದಲ್ಲಿ ಮೇಳದ ಸಂಬಳವೂ ಇಲ್ಲ. ಕೆಲವರು ಗದ್ದೆಗೆ ಇಳಿಯುತ್ತಾರೆ, ಕೆಲವರು ಅಡುಗೆ ಭಟ್ಟರ ಜೊತೆ ಹೋಗುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ತಿರುಗುತ್ತಾರೆ. "ಆರು ತಿಂಗ್ಳ್ ಕುಣುದ್, ಆರು ತಿಂಗ್ಳ್ ಕೂಕಂಬುದ್" ಎಂದು ತಮಾಷೆ ಮಾಡುವವರು ಇದನ್ನು ನೋಡಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಕಡೆಯ ಆಟದಲ್ಲಿ ಅಪ್ಪಯ್ಯನಿಗೆ ಕೆಳದಿಯ ಶಿವಪ್ಪನಾಯಕನ ಪಾತ್ರ ಬಂತು. ತಿಳಿಸಿದ್ದು ಎಂಟು ದಿನ ಮೊದಲು! ಅಪ್ಪಯ್ಯ ನನ್ನ ಸಮಾಜ ಪುಸ್ತಕ ಕೇಳಿದರು. ಅದರಲ್ಲಿ ಕೆಲವೇ ಸಾಲು ಇತ್ತು. ಓದಿ, "ಇದ್ರಗೆ ಯುದ್ಧದ್ ಸುದ್ದಿ ಮಾತ್ರ ಇತ್ತಲೆ. ಯುದ್ಧ ಇಲ್ದೆ ಇಪ್ಪತಿಗೆ ಆ ರಾಜ ಎಂತ ಮಾಡ್ತಿದ್ದ?" ಅಂದರು. ಎಂಥ ಒಳ್ಳೆಯ ಪ್ರಶ್ನೆ! ನಾನು ನಮ್ಮ ಮಾಷ್ಟ್ರ ಹತ್ತಿರ ಕೇಳಿ ಎರಡು ಪುಸ್ತಕ ತಂದೆ. ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ, ಘಟ್ಟದ ಮೇಲಿನ ಬಿದನೂರಿನಿಂದ. 1650ರ ದಶಕದಲ್ಲಿ ನಮ್ಮ ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಗೆ ಹಾಕಿದ. ಆದರೆ ರೈತರು ಅವನನ್ನು ನೆನಪಿಟ್ಟದ್ದು 'ಶಿಸ್ತಿ'ಗಾಗಿ. ಭೂಮಿಯ ಗುಣ ನೋಡಿ, ವಿಂಗಡಿಸಿ, ಅದಕ್ಕೆ ತಕ್ಕ ಕಂದಾಯ ಗೊತ್ತು ಮಾಡಿದ್ದೇ ಆ ಶಿಸ್ತು.

ಆಟದ ದಿನ ಅಪ್ಪಯ್ಯ ಕತ್ತಿ ಬೀಸುವುದರ ಜೊತೆಗೆ ಗದ್ದೆಯ ಮಾತನ್ನೂ ಆಡಿದರು. ಬೆಟ್ಟು ಗದ್ದೆಗೂ ಬೈಲು ಗದ್ದೆಗೂ ಒಂದೇ ತೆರಿಗೆ ಹಾಕುವವನು ರಾಜನಲ್ಲ ಎಂದಾಗ ಮುಂದೆ ಕೂತಿದ್ದ ಅಜ್ಜಂದಿರು ತಲೆಯಾಡಿಸಿದ್ದನ್ನು ನಾನೇ ನೋಡಿದೆ. ಅವತ್ತು ಯಾರೂ "ಅರ್ಜುನ ಬಂದಾಂಗೆ ಇತ್ತ್" ಅನ್ನಲಿಲ್ಲ. ಎರಡು ಪುಸ್ತಕ ಸಿಕ್ಕಿದ್ದಕ್ಕೆ ಇಷ್ಟು ಆಯಿತು.

"ಚರಿತ್ರೆ ಪಾಠದಲ್ಲಿ ಇದೆಯಲ್ಲ, ಆಟದಲ್ಲಿ ಯಾಕೆ?" ಎಂದು ಕೆಲವರು ಕೇಳಬಹುದು. ಶಾಲೆಯ ಮೆಟ್ಟಿಲು ಹತ್ತದ ನನ್ನ ಅಜ್ಜಿಗೆ ಮಹಾಭಾರತ ಪೂರ್ತಿ ಬರುತ್ತದೆ. ಕಲಿಸಿದ್ದು ಆಟ. ಇನ್ನೂ ಒಂದು ಕಾರಣವಿದೆ. 1665ರಲ್ಲಿ ಶಿವಾಜಿಯ ಹಡಗುಗಳು ನಮ್ಮ ಬಸ್ರೂರಿಗೆ ಬಂದು ಪೇಟೆಯನ್ನು ಕೊಳ್ಳೆ ಹೊಡೆದವು. ಶಿವಾಜಿ ನಮಗೆಲ್ಲ ವೀರನೇ. ಆದರೆ ಅವತ್ತು ಬಸ್ರೂರಿನ ವ್ಯಾಪಾರಿಗೆ ಏನನ್ನಿಸಿರಬಹುದು? ಪಾಠದಲ್ಲಿ ಒಂದೇ ಕಡೆಯ ಮಾತು ಬಂದೀತು. ಯಕ್ಷಗಾನದಲ್ಲಿ ಎದುರು ವೇಷಕ್ಕೂ ಅರ್ಥ ಇರುತ್ತದೆ, ಅದೂ ವಾದ ಮಾಡುತ್ತದೆ. ಎರಡೂ ಕಡೆಯವರು ಓದಿಕೊಂಡು ಬಂದರೆ ಅದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಇನ್ನೊಂದಿಲ್ಲ.

ಕಲಾವಿದರಿಗೆ ಗೌರವ ಸಿಕ್ಕಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಸಿಕ್ಕಿತು. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಮನೆಗೆ, ಮಕ್ಕಳ ಓದಿಗೆ ನೆರವಾಗುತ್ತಿದೆ. ಇದೆಲ್ಲ ದೊಡ್ಡವರು ಮಾಡುವ ಕೆಲಸ. ನಮ್ಮ ಊರು ಮಾಡಬಹುದಾದದ್ದು ಚಿಕ್ಕದು.

ಮಳೆಗಾಲದಲ್ಲಿ ನಮ್ಮ ಶಾಲೆಯ ಲೈಬ್ರರಿಯ ಚರಿತ್ರೆ ಪುಸ್ತಕಗಳನ್ನು ಊರಿನ ವೇಷಧಾರಿಗಳಿಗೆ ಓದಲು ಕೊಡಬೇಕು. ಬೀರುವಿನಲ್ಲಿ ಧೂಳು ಹಿಡಿಯುವುದಕ್ಕಿಂತ ಅದು ಮೇಲು. ಸಮಾಜ ಪಾಠದ ಅಧ್ಯಾಪಕರು ಒಂದು ಭಾನುವಾರ ಅವರ ಜೊತೆ ಕೂತು ಮಾತಾಡಬೇಕು. ಚರಿತ್ರೆಯ ಪ್ರಸಂಗ ಆಡಿಸುವವರು ಪಾತ್ರವನ್ನು ಎರಡು ತಿಂಗಳಾದರೂ ಮೊದಲೇ ತಿಳಿಸಬೇಕು. ಮತ್ತೆ ನಮ್ಮಲ್ಲಿ ಕೆಲವು ಮಕ್ಕಳು ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂದಿದ್ದಲ್ಲಿ 'ಕೂಲಿ' ಎಂದು ಬರೆಯುತ್ತಾರೆ. ಕೂಲಿ ಕೆಲಸ ಕೀಳಲ್ಲ, ಆದರೆ ಅದು ನಿಜವಲ್ಲ. 'ಯಕ್ಷಗಾನ ಕಲಾವಿದ' ಎಂದೇ ಬರೆಯಿರಿ.

ರಾಜ ರಾಜನ ಹಾಗೆ ಮಾತಾಡಬೇಕು ಎಂದು ಕೇಳುವ ಹಕ್ಕು ಪ್ರೇಕ್ಷಕರಾದ ನಮಗೆ ಇದೆ. ಆ ರಾಜನ ವಿಷಯ ತಿಳಿಯಲು ವೇಷಧಾರಿಗೆ ಪುಸ್ತಕವನ್ನೂ ಸಮಯವನ್ನೂ ಒದಗಿಸುವ ಜವಾಬ್ದಾರಿಯೂ ನಮ್ಮದೇ. ಬರುವ ಜೂನ್‌ನಿಂದಲೇ ಶುರು ಮಾಡೋಣ ಎಂದು ಗುರುಗಳಲ್ಲಿ ನನ್ನ ವಿನಂತಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ