ನಗಿಸಿದವರ ಋಣ

೨೦೨೧ರ ಜೂನ್ ತಿಂಗಳಲ್ಲಿ ಹಿರಿಯ ನಟಿ ಬಿ. ಜಯಾ ತೀರಿಕೊಂಡರು. ಕಾಚಿಗುಡದಿಂದ ಕೂಕಟಪಲ್ಲಿಯವರೆಗೆ ಎಷ್ಟು ಕನ್ನಡ ಮನೆಗಳಲ್ಲಿ ಆ ಸುದ್ದಿ ಮಾತಿಗೆ ಬಂದಿತು? ‘ಯಾವ ಜಯಾ?’ ಎಂದವರೇ ನಮ್ಮಲ್ಲಿ ಹೆಚ್ಚು. ‘ನರಸಿಂಹರಾಜು ಅವರಿಗೆ ಜೋಡಿಯಾಗಿ ಬರುತ್ತಿದ್ದರಲ್ಲ’ ಎಂದ ಮೇಲೆ ‘ಓಹೋ, ಅವರೇ!’ ಎಂದೆವು. ಒಂದು ಜನ್ಮದ ದುಡಿಮೆಗೆ ನಾವು ಕೊಟ್ಟ ಗುರುತು ಇಷ್ಟೆ: ಇನ್ನೊಬ್ಬರ ಜೋಡಿ.

ರಂಗಭೂಮಿಯಿಂದ ಬಂದ ಜಯಾ ೧೯೫೮ರ ‘ಭಕ್ತ ಪ್ರಹ್ಲಾದ’ದಿಂದ ಚಿತ್ರರಂಗದಲ್ಲಿ ಕಾಣಿಸಿಕೊಂಡರು. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ನರಸಿಂಹರಾಜು, ಬಾಲಕೃಷ್ಣ, ದ್ವಾರಕೀಶ್ ಇವರೆದುರು ನಿಂತು ಸೈ ಎನಿಸಿಕೊಂಡರು. ಹಾಸ್ಯವೆಂಬುದು ಒಬ್ಬರ ಕೈಯ ಚಪ್ಪಾಳೆಯಲ್ಲ. ಎದುರು ಮಾತು ಅರೆಗಳಿಗೆ ಮುಂಚೆ ಬಿದ್ದರೂ ತಡವಾಗಿ ಬಿದ್ದರೂ ನಗೆ ಸತ್ತಂತೆ. ಆದರೆ ಫಲ ಮಾತ್ರ ಒಬ್ಬರ ಪಾಲಿಗೆ. ನಮಗೊಬ್ಬ ಹಾಸ್ಯ ಚಕ್ರವರ್ತಿ ಉಂಟು. ಚಕ್ರವರ್ತಿನಿಯ ಸಿಂಹಾಸನವೇ ಇಲ್ಲ!

ಹಾಸ್ಯವನ್ನು ಕೀಳೆಂದು ತಿಳಿದ ಜನ ನಾವಲ್ಲ. ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದ ಗುಬ್ಬಿ ವೀರಣ್ಣನವರನ್ನು ‘ನಾಟಕರತ್ನ’ ಎಂದು ಮೆರೆಸಿದೆವು. ಹೆಣ್ಣು ನಗಿಸಿದರೆ ಮಾತ್ರ ನಮಗೆ ಮುಜುಗರ. ಜಯಾ ಅವರಿಗೆ ರಾಜ್ಯ ಪ್ರಶಸ್ತಿ ಬಂದದ್ದು ೨೦೦೪-೦೫ರಲ್ಲಿ, ‘ಗೌಡ್ರು’ ಚಿತ್ರದ ಪೋಷಕ ಪಾತ್ರಕ್ಕೆ. ತೆರೆಗೆ ಬಂದು ನಾಲ್ಕು ದಶಕ ಕಳೆದ ಮೇಲೆ! ವರ್ಷಗಟ್ಟಲೆ ಚಿತ್ರಮಂದಿರಗಳನ್ನು ನಗಿಸಿದ ಉಮಾಶ್ರೀ ಅವರಿಗೂ ರಾಷ್ಟ್ರಪ್ರಶಸ್ತಿ ತಂದದ್ದು ‘ಗುಲಾಬಿ ಟಾಕೀಸ್’ನ ಗಂಭೀರ ಪಾತ್ರವೇ.

ನೆರೆಯವರನ್ನು ನೋಡಿ. ನಾಟಕದಿಂದ ಬಂದ ಮನೋರಮಾ ಅವರನ್ನು ತಮಿಳರು ‘ಆಚ್ಚಿ’ ಎಂದು ಮನೆಯವರನ್ನಾಗಿ ಮಾಡಿಕೊಂಡರು. ೨೦೦೨ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಲ್ಲಿನ ತೆಲುಗು ಬಂಧುಗಳಿಗೆ ರಮಾಪ್ರಭ ಎಂದರೆ ಸಾಕು, ರಾಜಬಾಬು ಹೆಸರಿನ ಊರುಗೋಲು ಬೇಕಿಲ್ಲ.

‘ಆ ಹಾಸ್ಯದಲ್ಲಿ ಅಭಿರುಚಿ ಎಲ್ಲಿತ್ತು?’ ಎನ್ನುವವರಿದ್ದಾರೆ. ಬಜಾರಿ ಹೆಂಡತಿ, ಪೆದ್ದು ಸೊಸೆ ಎಂಬ ಎರಡೇ ಅಚ್ಚುಗಳಲ್ಲಿ ಅನೇಕ ಪಾತ್ರಗಳನ್ನು ಎರಕ ಹೊಯ್ದದ್ದು ನಿಜ. ಆದರೆ ಅಚ್ಚು ಮಾಡಿದವರು ನಟಿಯರಲ್ಲ, ಬರೆದವರು. ಆ ಒಣ ಮಾತಿಗೂ ಜೀವ ತುಂಬಿದ್ದು ನಟಿಯರ ಸಾಹಸ.

ಇನ್ನು ನಮ್ಮ ಅಂಗಳಕ್ಕೇ ಬರೋಣ. ರಾಜ್ಯೋತ್ಸವದ ನಾಟಕದಲ್ಲಿ ನಮ್ಮ ಮಗಳು ಭುವನೇಶ್ವರಿಯಾಗಿ ಕಿರೀಟ ತೊಡಬಹುದು, ಸೀತೆಯಾಗಿ ಅಳಬಹುದು. ಜಗಳಗಂಟಿ ಅತ್ತೆಯ ಪಾತ್ರ ಬಂದರೆ ಮಾತ್ರ ‘ಮರ್ಯಾದಸ್ಥರ ಹುಡುಗಿಗೆ ಅದೇಕೆ?’ ಎಂದು ಗಂಡಸಿಗೆ ಸೀರೆ ಉಡಿಸುತ್ತೇವೆ. ಆಮೇಲೆ ಆ ಸೀರೆಯನ್ನು ನೋಡಿ ನಾವೇ ನಗುತ್ತೇವೆ. ಇದು ಹಾಸ್ಯವಲ್ಲ, ಹೆಣ್ಣಿನ ಅಣಕ.

ಬಂಧುಗಳೇ, ಜಯಾ ಅವರಿಗೆ ನಾವು ಸಲ್ಲಿಸಬೇಕಾದದ್ದು ಹಾರ ಹಾಕಿದ ಪಟವಲ್ಲ. ಬರುವ ನವೆಂಬರಿನಲ್ಲಿ ಆ ಅತ್ತೆಯ ಪಾತ್ರವನ್ನು ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡೋಣ. ಅವರು ನಗಿಸಲಿ, ನಾವು ಮುಂದಿನ ಸಾಲಿನಲ್ಲಿ ಕುಳಿತು ಬಾಯ್ತುಂಬ ನಗೋಣ. ಹೊರಡುವಾಗ ಅವರ ಹೆಸರು ಕೇಳಿ ನೆನಪಿಟ್ಟುಕೊಳ್ಳೋಣ.