ಬಿಚ್ಚಿದ್ದೆಲ್ಲಾ ನೂಲಲ್ಲ

ಟೆಕ್ ಫೆಸ್ಟ್ ಬಂತಂದ್ರೆ ‘ಕಸದಿಂದ ರಸ’ ಅಂತ ಒಂದು ಸ್ಟಾಲ್ ಇದ್ದೇ ಇರುತ್ತೆ. ಬಾಟಲಿ ಕತ್ತರಿಸಿದ ಹೂದಾನಿ, ಸಿಡಿ ಅಂಟಿಸಿದ ಗಡಿಯಾರ. ಫೋಟೋ ತೆಗೆದು, ಸರ್ಟಿಫಿಕೇಟ್ ತಗೊಂಡು ರೂಮಿಗೆ ಹೋಗ್ತೀವಿ. ಹಳೇದನ್ನ ಮತ್ತೆ ಬಳಸೋದು ಸುಲಭ, ಅದೂ ಪುಕ್ಕಟೆ ಅನ್ನೋ ಭ್ರಮೆ ನನಗೂ ಇತ್ತು. ಅದನ್ನ ಬಿಡಿಸಿದ್ದು ಒಂದು ಹಳೇ ಸ್ವೆಟರ್.

ನಮ್ಮೂರು ಸುರಪುರ ತಾಲ್ಲೂಕಿನ ದೇವಾಪುರ. ಹಳೇ ಸೀರೆ ಕೌದಿ ಆಗೋದು ನಮ್ಮ ಕಡೆ ಹೊಸದಲ್ಲ. ಅವ್ವನ ಹತ್ರ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಕೈ ನಿಟ್ಟಿಂಗ್ ಮಷಿನ್ ಇದೆ. ರಜೆಯಲ್ಲಿ ಅಪ್ಪನ ಹಳೇ ಉಣ್ಣೆ ಸ್ವೆಟರ್ ಬಿಚ್ಚಿ ತಮ್ಮನಿಗೊಂದು ಹಾಕಲು ಹೊರಟೆ. “ತೊಳೀಲಾರದ ಹಾಕಬ್ಯಾಡಪಾ, ಎಳಿ ಹರೀತದ” ಅಂದ್ಲು ಅವ್ವ. ನಾನು ಮೆಕ್ಯಾನಿಕಲ್ ಮೂರನೇ ವರ್ಷ, ಕೇಳ್ತೀನಾ? ಗುಂಗುರು ಗುಂಗುರಾದ ನೂಲನ್ನೇ ಮಷಿನ್ನಿಗೆ ಕೊಟ್ಟೆ. ಹತ್ತು ಸಾಲು ದಾಟುವಷ್ಟರಲ್ಲಿ ಕುಣಿಕೆಗಳು ಸೂಜಿಯಿಂದ ಜಾರಿ ಅರ್ಧ ಪಟ್ಟಿ ಕೆಳಗೆ ಬಿತ್ತು. ಜಗ್ಗಾಟದಲ್ಲಿ ನೂಲು ತುಂಡು ತುಂಡಾಯ್ತು. ಉಳಿದದ್ದರಲ್ಲಿ ತೋಳಿಗೆ ಸಾಲಲಿಲ್ಲ. ತಮ್ಮನಿಗೆ ಸಿಕ್ಕಿದ್ದು ತೋಳಿಲ್ಲದ ಸ್ವೆಟರ್.

ತಪ್ಪು ಮಷಿನ್ನಿನದಲ್ಲ. ಕೈಯಲ್ಲಿ ಹೆಣೆಯುವಾಗ ಬೆರಳೇ ಬಿಗಿ-ಸಡಿಲ ನೋಡಿಕೊಳ್ಳುತ್ತೆ. ಮಷಿನ್ನಿಗೆ ಆ ಬುದ್ಧಿ ಇಲ್ಲ, ಒಂದೇ ಸಮನಾದ ಎಳೆ ಬೇಕು. ಅದಕ್ಕೆ ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಬೇಕು, ನಾಲ್ಕು ಕಡೆ ಸಡಿಲವಾಗಿ ಕಟ್ಟಬೇಕು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ತೂಗುಹಾಕಬೇಕು. ಉಣ್ಣೆ ಅಂದ್ರೆ ಕೆರಾಟಿನ್. ನೀರು ಒಳಹೊಕ್ಕಾಗ ಅದರ ಹೈಡ್ರೋಜನ್ ಬಂಧಗಳು ಬಿಡ್ತವೆ, ನೇರವಾಗಿ ಒಣಗಿದಾಗ ಹಾಗೇ ಮತ್ತೆ ಕೂಡ್ತವೆ. ಅಕ್ರಿಲಿಕ್‌ಗೆ ಬರೀ ನೀರು ಸಾಲದು, ಹಬೆ ಬೇಕು. ಬಿಸಿ ಹೆಚ್ಚಾದ್ರೆ ಅದು ಜೀವ ಕಳಕೊಂಡು ಜೋತು ಬೀಳುತ್ತೆ. ಒಣಗಿದ ಮೇಲೆ ಮೇಣ ಸವರಿ ಕೋನಿಗೆ ಸುತ್ತಿದರೆ ಎಳೆ ತಡೆಯಿಲ್ಲದೆ ಬರುತ್ತೆ. ಗಂಟು ಬಂದ್ರೆ ಸಾಲಿನ ತುದಿಗೆ ಬರೋ ಹಾಗೆ ನೋಡಿಕೊಳ್ಳಬೇಕು, ನಡುವೆ ಬಂದ್ರೆ ಸೂಜಿಗೆ ಸಿಕ್ಕಿಕೊಳ್ಳುತ್ತೆ.

ಎಲ್ಲ ಸ್ವೆಟರೂ ಇದಕ್ಕೆ ಬರಲ್ಲ. ಮಗ್ಗುಲಿನ ಹೊಲಿಗೆ ನೋಡಿ. ಬಟ್ಟೆ ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ಪ್ರತಿ ಸಾಲೂ ಒಂದೊಂದು ಚೂರು, ಬಿಚ್ಚಿ ಉಪಯೋಗವಿಲ್ಲ. ಇಂಥವುಗಳಿಗೆ ಪಾಣಿಪತ್ ದಾರಿ ಇದೆ: ಹಳೇ ಉಣ್ಣೆ ಬಟ್ಟೆ ಸೀಳಿ, ನಾರು ಮಾಡಿ, ಮತ್ತೆ ನೂಲುತ್ತಾರೆ. ಆದರೆ ಸೀಳಿದಾಗ ನಾರು ಗಿಡ್ಡವಾಗಿ ನೂಲಿನ ಬಲ ಕುಗ್ಗುತ್ತೆ. ಮನೆಯಲ್ಲಿ ಬಿಚ್ಚಿದ ನೂಲಿನಲ್ಲಿ ನಾರಿನ ಉದ್ದ ಹಾಗೇ ಉಳಿಯುತ್ತೆ. ಹಾಗಾಗಿ ಬಿಚ್ಚೋದಕ್ಕೆ ಬರೋ ಸ್ವೆಟರನ್ನು ಬಿಚ್ಚಿಯೇ ಬಳಸಬೇಕು ಅನ್ನೋದು ನನ್ನ ವಾದ.

ಆದರೆ ಅದನ್ನ ಪುಕ್ಕಟೆ ಅನ್ನಬಾರದು. ಎರಡನೇ ಸಲ ಅವ್ವ ಹೇಳಿದಂತೆ ಮಾಡಿದಾಗ ಬಿಚ್ಚಿ ಲಡಿ ಮಾಡೋಕೆ ಒಂದು ಸಂಜೆ, ಒಣಗೋಕೆ ಒಂದು ದಿನ, ಸುತ್ತೋಕೆ ಇನ್ನೊಂದು ಸಂಜೆ ಹೋಯ್ತು. ಮಷಿನ್ ಮೇಲೆ ಹಾಕಿದ್ದಕ್ಕಿಂತ ಅದೇ ಹೆಚ್ಚು. ನಮ್ಮ ಮನೆಗಳಲ್ಲಿ ಈ ಕೆಲಸ ಹೆಂಗಸರ ಪಾಲಿಗೆ ಬರುತ್ತೆ, ಲೆಕ್ಕಕ್ಕೆ ಬರಲ್ಲ. ನಾವು ಪಿಪಿಟಿಯಲ್ಲಿ ‘ಕಚ್ಚಾ ವಸ್ತು: ₹0’ ಅಂತ ಬರೆದು ಮಾರ್ಕ್ಸ್ ತಗೋತೀವಿ.

ಮುಂದಿನ ಫೆಸ್ಟಲ್ಲಿ ಮರುಬಳಕೆಯ ಪ್ರತಿ ಮಾಡೆಲ್ ಪಕ್ಕ ಒಂದು ಸಾಲು ಕಡ್ಡಾಯ ಮಾಡಿ: ಸಾಮಾನು ಸಿದ್ಧ ಮಾಡೋಕೆ ಎಷ್ಟು ತಾಸು ಹಿಡೀತು, ಯಾರು ಮಾಡಿದ್ರು? ಪ್ರಾಜೆಕ್ಟಿಗೆ ವಿಷಯ ಹುಡುಕೋರಿಗೂ ಇಲ್ಲಿ ಕೆಲಸ ಇದೆ. ಹಳೇ ಸೈಕಲ್ ಚಕ್ರದಿಂದ ಲಡಿ ಸುತ್ತೋ ರಾಟೆ ಮಾಡಿ, ಎಷ್ಟು ಸುತ್ತು ಆಯ್ತು ಅಂತ ಎಣಿಸೋ ಸೆನ್ಸರ್ ಹಾಕಿ. ನಾನು ಶುರು ಮಾಡೀನಿ. ಮೊದಲು ಅವ್ವನ ಕೈಗೆ ಕೊಟ್ಟು ನೋಡ್ತೀನಿ, ಆಮೇಲೆ ಹೆಚ್‌ಓಡಿ ಅವರಿಗೆ ತೋರಿಸ್ತೀನಿ.