ಆಸ್ಪತ್ರೆಯ ಸೋಂಕಿನ ಲೆಕ್ಕ ಜನರಿಗೂ ತಿಳಿಯಲಿ



ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಗಳನ್ನು ಕುರಿತ ತಮ್ಮ ಸಂಪಾದಕೀಯವು, ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಳ್ಳುವ ಜನರನ್ನೂ ರೋಗಿಯ ಮಂಚದ ಸುತ್ತ ನೆರೆಯುವ ಬಂಧುಬಳಗವನ್ನೂ ಆಕ್ಷೇಪಿಸಿದುದು ಯುಕ್ತವೇ ಆದರೂ, ಆಸ್ಪತ್ರೆಯೊಳಗೇ ಮಂಚದಿಂದ ಮಂಚಕ್ಕೆ ಸೋಂಕು ದಾಟುವ ಬಗೆಯನ್ನಾಗಲಿ, ಅದನ್ನು ತಡೆಯಬೇಕಾದವರ ಹೊಣೆಯನ್ನಾಗಲಿ ಪ್ರಸ್ತಾಪಿಸದೆ ಬಿಟ್ಟುದು ನನಗೆ ಸರಿಕಾಣಲಿಲ್ಲ.

ಕಾರ್ಬಪೆನೆಮ್‌ನಂತಹ ಪ್ರಬಲ ಔಷಧಕ್ಕೂ ಜಗ್ಗದ ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್ ಮೊದಲಾದ ಜೀವಾಣುಗಳು ಐ.ಸಿ.ಯು.ವಿನಲ್ಲಿ ಸಂಚರಿಸುವುದು ಬಹುಮಟ್ಟಿಗೆ ಶುಶ್ರೂಷೆ ಮಾಡುವ ಕೈಗಳ ಮೂಲಕವೇ. ಅಸಿನೆಟೊಬ್ಯಾಕ್ಟರ್ ಅಂತೂ ಮಂಚದ ಒಣ ಕಂಬಿಯ ಮೇಲೆ ವಾರಗಟ್ಟಲೆ ಜೀವಿಸಿರಬಲ್ಲುದು. ರೋಗಿಯನ್ನು ಮುಟ್ಟುವ ಮುನ್ನವೂ ಮುಟ್ಟಿದ ಬಳಿಕವೂ ಇಪ್ಪತ್ತು ಮೂವತ್ತು ಸೆಕೆಂಡು ಸ್ಯಾನಿಟೈಸರಿನಿಂದ ಕೈಯುಜ್ಜುವುದು, ಸೋಂಕಿತನಿಗೆ ಪ್ರತ್ಯೇಕ ಕೋಣೆಯನ್ನೂ ಬೇರೆ ಯಾರಿಗೂ ಬಳಸದ ಬಿ.ಪಿ. ಪಟ್ಟಿಯನ್ನೂ ಒದಗಿಸುವುದು, ಗೌನು ಗ್ಲೌಸುಗಳನ್ನು ಅಲ್ಲಿಯೇ ಕಳಚಿ ಹೊರಬರುವುದು, ಇವು ಅಷ್ಟೇನೂ ದುಬಾರಿಯಾದ ವಿದ್ಯೆಗಳಲ್ಲ. ಒಂದೇ ಜೊತೆ ಗ್ಲೌಸು ತೊಟ್ಟು ನಾಲ್ಕು ಮಂಚ ಸುತ್ತುವವರು ರಕ್ಷಿಸುವುದು ತಮ್ಮನ್ನೇ ಹೊರತು ರೋಗಿಯನ್ನಲ್ಲ. ಹಾಗೆಂದು ದಾದಿಯರನ್ನು ದೂರಲಾರೆ. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿ, ಕೈತೊಳೆಯಲಿಲ್ಲವೆಂದು ಗದರುವ ಆಡಳಿತಕ್ಕೆ ನಾಚಿಕೆಯಾಗಬೇಕು.

1847ರಲ್ಲಿ ವಿಯೆನ್ನದ ಹೆರಿಗೆ ಆಸ್ಪತ್ರೆಯಲ್ಲಿ, ಶವಪರೀಕ್ಷೆಯಿಂದ ನೇರ ಬರುತ್ತಿದ್ದ ವೈದ್ಯವಿದ್ಯಾರ್ಥಿಗಳು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂದು ಅಲ್ಲಿಯ ವೈದ್ಯ ಸೆಮ್ಮೆಲ್‌ವೈಸ್ ಕಟ್ಟಳೆ ಮಾಡಲು, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಮರಣ ಕೆಲವೇ ತಿಂಗಳಲ್ಲಿ 2ರ ಆಸುಪಾಸಿಗೆ ಇಳಿಯಿತು. ಇದು ಎಲ್ಲರೂ ಬಲ್ಲ ಕಥೆ. ನನ್ನ ಗಮನ ಸೆಳೆಯುವುದು ಅದರ ಇನ್ನೊಂದು ಅಂಶ: ಆಸ್ಪತ್ರೆಯ ಎರಡು ವಿಭಾಗಗಳಲ್ಲಿ, ಆ ವಿದ್ಯಾರ್ಥಿಗಳಿದ್ದ ಮೊದಲನೆಯದರಲ್ಲಿ ಸಾವು ಹೆಚ್ಚೆಂಬುದನ್ನು ಅರಿತಿದ್ದ ಆ ನಗರದ ಬಡ ಗರ್ಭಿಣಿಯರು, ತಮ್ಮನ್ನು ಎರಡನೆಯದಕ್ಕೇ ಸೇರಿಸಿರೆಂದು ಅಂಗಲಾಚುತ್ತಿದ್ದರು. ಅವರಿಗಿದ್ದಷ್ಟು ತಿಳಿವಳಿಕೆಯೂ ಇಂದು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ತೆತ್ತು ದಾಖಲಾಗುವ ರೋಗಿಗಿಲ್ಲ. ಖಾಸಗಿ ಆಸ್ಪತ್ರೆಗಳು ಶುಲ್ಕದ ಪಟ್ಟಿಯನ್ನು ಪ್ರದರ್ಶಿಸಬೇಕೆಂದು ನಮ್ಮ ರಾಜ್ಯದ 2007ರ ಕಾಯಿದೆ ವಿಧಿಸುತ್ತದೆ. ಸೋಂಕಿನ ಲೆಕ್ಕವೋ, ಅದನ್ನು ಇಡುವ ಆಸ್ಪತ್ರೆಗಳಲ್ಲಿಯೂ ಸೋಂಕು ನಿಯಂತ್ರಣ ಸಮಿತಿಯ ಕಡತದೊಳಗೇ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ 2001ರಿಂದ ರಕ್ತಕ್ಕೇರಿದ ಎಂ.ಆರ್.ಎಸ್.ಎ. (ಔಷಧಕ್ಕೆ ಮಣಿಯದ ಒಂದು ಬ್ಯಾಕ್ಟೀರಿಯ) ಸೋಂಕಿನ ವರದಿಯನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕಡ್ಡಾಯಗೊಳಿಸಿ, ಅಂಕಿಗಳನ್ನು ಹೆಸರುಸಹಿತ ಪ್ರಕಟಿಸಿ, 2008ರೊಳಗೆ ಅದನ್ನು ಅರ್ಧಕ್ಕಿಳಿಸಬೇಕೆಂದು 2004ರಲ್ಲಿ ಗುರಿಯಿಟ್ಟರು, ಗುರಿ ಮುಟ್ಟಿತು. ಪ್ರಕಟಣೆಯೊಂದೇ ಅದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಊರಿಗೆಲ್ಲ ತಿಳಿಯುವ ಅಂಕಿಯನ್ನು ಯಾವ ಮೇಲಧಿಕಾರಿಯೂ ಮೇಜಿನ ಖಾನೆಗೆ ತಳ್ಳಲಾರನಷ್ಟೆ.

ವಿಷಮಾವಸ್ಥೆಯ ರೋಗಿಗಳನ್ನು ಸ್ವೀಕರಿಸುವ ದೊಡ್ಡಾಸ್ಪತ್ರೆಗಳಿಗೆ ಹೀಗೆ ಅಂಕಿ ಪ್ರಕಟಿಸುವುದರಿಂದ ಅನ್ಯಾಯವಾಗುವುದೆಂಬ ಆಕ್ಷೇಪ ನಿರಾಧಾರವಲ್ಲ. ರಕ್ತನಾಳಕ್ಕೆ ಕ್ಯಾಥೆಟರ್ ಹಾಕಿದ್ದ ಸಾವಿರ ದಿನಗಳಿಗೆ ಇಂತಿಷ್ಟು ಸೋಂಕೆಂಬ ಮಾನವು ವೈದ್ಯರಲ್ಲಿ ಈಗಾಗಲೇ ರೂಢಿಯಲ್ಲಿರುವುದರಿಂದ, ಅದನ್ನೇ ಅನುಸರಿಸಿ, ಸಮಾನ ದರ್ಜೆಯ ಆಸ್ಪತ್ರೆಗಳನ್ನು ಮಾತ್ರ ಪರಸ್ಪರ ಹೋಲಿಸಬಹುದು. ಸರ್ಕಾರಿ ಆಸ್ಪತ್ರೆಗಳಿಂದಲೇ ಈ ಪ್ರಕಟಣೆಯನ್ನು ಆರಂಭಿಸುವಂತೆ ತಮ್ಮ ಪತ್ರಿಕೆಯು ಆರೋಗ್ಯ ಇಲಾಖೆಯನ್ನು ಒತ್ತಾಯಿಸಬೇಕೆಂದು ವಿನಂತಿ.

ಇತಿ,
ಓರ್ವ ವಾಚಕ, ಮೈಸೂರು